ಸಂದೇಶಕ್ಕಿಂತ ಮೊದಲೇ ಬರುವ ಕಿಣ್ವ: ಅದನ್ನು ನಾನು ಅಳೆದ ಬಗೆ

ನರಕೋಶವೊಂದು ಅಸಿಟೈಲ್‌ಕೋಲಿನ್ ಬಿಟ್ಟು ಸಂದೇಶ ಕಳಿಸುತ್ತದೆ. ಅದನ್ನು ಒಡೆದು ಸಂದೇಶ ನಿಲ್ಲಿಸುವುದು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ. ಇದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆದು ಹಾಕುತ್ತದೆ. ವಿಚಿತ್ರ ಅಂದರೆ, ಕೋಳಿ ಭ್ರೂಣದಲ್ಲಿ ನರಕೋಶಗಳು ಒಂದಕ್ಕೊಂದು ಬೆಸೆದುಕೊಳ್ಳುವ ಮೊದಲೇ ಇದು ಹಾಜರಿರುತ್ತದೆ. ಸಂದೇಶವೇ ಇಲ್ಲದ ಕಡೆ ಇದಕ್ಕೇನು ಕೆಲಸ? ಅದನ್ನು ತಿಳಿಯಲೆಂದೇ ನಾನು ಭ್ರೂಣದ ಮಿದುಳಿನಲ್ಲಿ ಇದನ್ನು ಅಳೆಯಲು ಶುರು ಮಾಡಿದೆ.

ವಿಧಾನ ಹಳೆಯದು, 1961ರ ಎಲ್‌ಮನ್ ವಿಧಾನ. ಮಿದುಳನ್ನು ಐಸ್ ಮೇಲಿಟ್ಟೇ ಬಫರ್‌ನಲ್ಲಿ (ಪಿಎಚ್ ಏರುಪೇರಾಗದಂತೆ ಕಾಯುವ ದ್ರಾವಣ) ಅರೆಯುತ್ತೇನೆ. ಕಿಣ್ವದ ಹೆಚ್ಚು ಪಾಲು ಪೊರೆಗೆ ಅಂಟಿಕೊಂಡಿರುವುದರಿಂದ ಬಫರ್‌ಗೆ ಪೊರೆ ಕರಗಿಸುವ ಟ್ರೈಟಾನ್ ಎಂಬ ಮಾರ್ಜಕ ಸ್ವಲ್ಪ ಬೇಕೇ ಬೇಕು. ಆಮೇಲೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆಯುವುದು. ಪಿಎಚ್ 8ರ ಫಾಸ್ಫೇಟ್ ಬಫರ್‌ನಲ್ಲಿ ಈ ತಿಳಿ ಮತ್ತು ಡಿಟಿಎನ್‌ಬಿ ಎಂಬ ಬಣ್ಣ ಕೊಡುವ ರಾಸಾಯನಿಕ ಬೆರೆಸಿ, ಕೊನೆಗೆ ಅಸಿಟೈಲ್‌ಕೋಲಿನ್ ಬದಲಿಗೆ ಬಳಸುವ ಅಸಿಟೈಲ್‌ಥಯೋಕೋಲಿನ್ ಹಾಕಿದರೆ, ಕಿಣ್ವ ಅದನ್ನು ಒಡೆದಾಗ ಸಿಗುವ ತುಣುಕು ಡಿಟಿಎನ್‌ಬಿ ಜೊತೆ ಸೇರಿ ಹಳದಿ ಬಣ್ಣ ಏರುತ್ತದೆ. ಆ ಏರಿಕೆಯನ್ನು 412 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಓದುತ್ತೇನೆ.

ಹಳದಿ ಬಂತು ಅಂತ ಅದೆಲ್ಲ ಕಿಣ್ವದ್ದೇ ಅಲ್ಲ. ಮಿದುಳಿನ ಪ್ರೋಟೀನ್ ಮತ್ತು ಗ್ಲುಟಥಯೋನ್ ಎಂಬ ಸಣ್ಣ ಅಣು ಕೂಡ ಡಿಟಿಎನ್‌ಬಿ ಜೊತೆ ಸೇರಿ ಹಳದಿ ಕೊಡುತ್ತವೆ. ಹಾಗಾಗಿ ಅಸಿಟೈಲ್‌ಥಯೋಕೋಲಿನ್ ಹಾಕುವ ಮೊದಲು ಬಣ್ಣ ಒಂದು ಮಟ್ಟಕ್ಕೆ ನಿಲ್ಲುವವರೆಗೆ ಸುಮ್ನೆ ಕಾಯಬೇಕು. ಪಿಎಚ್ 8ರಲ್ಲಿ ಅಸಿಟೈಲ್‌ಥಯೋಕೋಲಿನ್ ತಾನಾಗಿಯೂ ಸ್ವಲ್ಪ ಒಡೆಯುತ್ತದೆ. ಅದಕ್ಕೆ ಮಿದುಳಿನ ತಿಳಿ ಹಾಕದ ಇನ್ನೊಂದು ನಳಿಕೆ ಇಟ್ಟು, ಆ ಏರಿಕೆಯನ್ನು ಕಳೆಯುತ್ತೇನೆ.

ದೊಡ್ಡ ತೊಡಕು ಬ್ಯುಟೈರಿಲ್‌ಕೋಲಿನ್‌ಎಸ್ಟರೇಸ್ ಎಂಬ ಸೋದರ ಕಿಣ್ವ. ಇದೂ ಅಸಿಟೈಲ್‌ಥಯೋಕೋಲಿನ್ ಒಡೆಯುತ್ತದೆ. ಬೆಳೆದ ಮಿದುಳಿನಲ್ಲಿ ಇದರ ಪಾಲು ಕಡಿಮೆ, ಭ್ರೂಣದಲ್ಲಿ ಮರೆಯುವ ಹಾಗಿಲ್ಲ. ಇದನ್ನು ತಡೆಯಲು ಐಸೊ-ಓಎಂಪಿಎ ಬಳಸಿದೆ. ಐಸೊ-ಓಎಂಪಿಎ ಕೂಡ ಆರ್ಗನೋಫಾಸ್ಫರಸ್ ಕೀಟನಾಶಕಗಳ ನೆಂಟನೇ, ಕೈಗವಸು ಇಲ್ಲದೆ ಮುಟ್ಟಬಾರದು. ಆ ಕೀಟನಾಶಕಗಳು ಮೈಗೆ ಸೇರಿದರೆ ತಡೆಯುವುದು ಇವೇ ಕಿಣ್ವಗಳನ್ನು. ಅಸಿಟೈಲ್‌ಕೋಲಿನ್ ತುಂಬಿಕೊಂಡು ಉಸಿರಾಟವೇ ಕಟ್ಟಬಹುದು. ಅದೇ ತಡೆ ಹದದಲ್ಲಿದ್ದರೆ ಔಷಧಿ: ಆಲ್ಝೈಮರ್‌ಗೆ ಕೊಡುವ ಡೊನೆಪೆಝಿಲ್ ಮಾಡುವುದು ಇದನ್ನೇ.

ನಳಿಕೆ ಎಷ್ಟು ಅಂತ ಹೇಳುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ಅದಕ್ಕೆ 1964ರ ಕಾರ್ನೋವ್‌ಸ್ಕಿ–ರೂಟ್ಸ್ ವಿಧಾನದಲ್ಲಿ ತೆಳು ಸೀಳುಗಳಿಗೆ ಬಣ್ಣ ಕೊಟ್ಟೆ. ಕಿಣ್ವ ಇದ್ದಲ್ಲಿ ಕಂದು ಮೂಡುತ್ತದೆ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದು. ಇನ್ನೂ ವಿಭಜಿಸುತ್ತಿದ್ದ ಜೀವಕೋಶಗಳ ಕಡೆ ಬ್ಯುಟೈರಿಲ್ ಜಾತಿ, ವಿಭಜನೆ ನಿಲ್ಲಿಸಿ ನರಕೋಶವಾಗಲು ಹೊರಟವುಗಳಲ್ಲಿ ಅಸಿಟೈಲ್ ಜಾತಿ. ಈ ಹಂಚಿಕೆ ಕೋಳಿ ಭ್ರೂಣದಲ್ಲಿ ಮೊದಲೇ ವರದಿಯಾಗಿತ್ತು, ಆದರೆ ನಮ್ಮದೇ ಸೀಳಿನಲ್ಲಿ ನೋಡುವುದು ಬೇರೆ ಅಲ್ವಾ? ಒಡೆಯುವ ಕೆಲಸದ ಆಚೆಗೆ, ನರತಂತು ಚಾಚಿಕೊಳ್ಳಲೂ ಈ ಕಿಣ್ವ ನೆರವಾಗುತ್ತದೆ ಎನ್ನುವ ಪ್ರಯೋಗಗಳಿವೆ. ಆ ಕಂದು ಗಡಿ ನೋಡಿದ ಮೇಲೆ ನಾನು ಆ ಪಕ್ಷವೇ.

ಲೆಕ್ಕದ ವಿಷಯ ಒಂದಿದೆ. ಭ್ರೂಣದ ಮಿದುಳು ದಿನದಿನಕ್ಕೂ ದೊಡ್ಡದಾಗುತ್ತದೆ. ಇಡೀ ಮಿದುಳಿನ ಕಿಣ್ವ ಮತ್ತು ಪ್ರತಿ ಮಿಲಿಗ್ರಾಂ ಪ್ರೋಟೀನಿಗೆ ಸಿಕ್ಕ ಕಿಣ್ವ, ಎರಡನ್ನೂ ಬರೆಯಿರಿ. ಪ್ರೋಟೀನ್ ಅಳೆಯಲು ಬಿಸಿಎ ವಿಧಾನ ಒಳ್ಳೆಯದು. ಬ್ರಾಡ್‌ಫರ್ಡ್ ಎಂಬ ಇನ್ನೊಂದು ವಿಧಾನಕ್ಕೆ ಟ್ರೈಟಾನ್ ಕಂಡರೆ ಆಗುವುದಿಲ್ಲ.