ಮೂಳೆ, ಸ್ನಾಯು, ನರ: ಮೂರನ್ನೂ ಒಟ್ಟಿಗೆ ಮುಟ್ಟಿ ಕಲಿಯುವ ನನ್ನ ಕ್ರಮ

ಅಂಗರಚನೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೂಳೆಗಳಿಗೆ ಒಂದು ಅಧ್ಯಾಯ, ಸ್ನಾಯುಗಳಿಗೆ ಇನ್ನೊಂದು, ನರಗಳಿಗೆ ಮತ್ತೊಂದು. ನಾನು ಆ ಕ್ರಮ ಬಿಟ್ಟು, ದೇಹದ ಒಂದು ಭಾಗವನ್ನು ಹಿಡಿದು ಮೂರನ್ನೂ ಅಲ್ಲೇ ಓದುತ್ತೇನೆ. ಮೊದಲು ಮೂಳೆಯ ಉಬ್ಬುಗಳನ್ನು ಬೆರಳಿನಿಂದ ಹುಡುಕುವುದು. ಆಮೇಲೆ ಕೀಲನ್ನು ಆಡಿಸಿ ಯಾವ ಸ್ನಾಯು ಗಟ್ಟಿಯಾಗುತ್ತದೆ ಎಂದು ನೋಡುವುದು. ಕೊನೆಗೆ ಅದಕ್ಕೆ ಅಪ್ಪಣೆ ತರುವ ನರ ಯಾವ ಮೂಳೆಯ ಪಕ್ಕ ಹಾದು ಬರುತ್ತದೆ ಎಂದು ಗುರುತಿಸುವುದು. ಈ ಕ್ರಮ ತಿರುವುಮುರುವಾದರೆ ಮುಂದೆ ಸಾಗುವುದಿಲ್ಲ. ಬಹುಪಾಲು ಸ್ನಾಯುಗಳ ಎರಡು ತುದಿಗಳೂ ಮೂಳೆಗೆ ಅಂಟಿರುವುದರಿಂದ, ಮೂಳೆಯ ಗುರುತು ಸಿಗದಿದ್ದರೆ ಉಳಿದದ್ದೆಲ್ಲ ಊಹೆ.

ತೊಳೆದರೆ ಹೋಗುವ ಮೂರು ಬಣ್ಣದ ಸ್ಕೆಚ್ ಪೆನ್, ಎತ್ತರದ ಒಂದು ಮೇಜು, ಜೊತೆಗೊಬ್ಬರು ಇದ್ದರೆ ಸಾಕು. ಉಗುರು ಕತ್ತರಿಸಿರಬೇಕು. ಬೆರಳ ತುದಿಯಿಂದ ಚುಚ್ಚಬೇಡಿ. ಎರಡು ಮೂರು ಬೆರಳುಗಳ ಮೆತ್ತನೆಯ ಭಾಗವನ್ನು ಚಪ್ಪಟೆಯಾಗಿಟ್ಟು ನಿಧಾನವಾಗಿ ಆಚೀಚೆ ಉರುಳಿಸಿ. ಜೋರಾಗಿ ಒತ್ತಿದರೆ ಸ್ನಾಯು ಬಿಗಿದುಕೊಂಡು ಅಡಿಯ ಮೂಳೆ ಮರೆಯಾಗುತ್ತದೆ.

ನಮ್ಮ ಮಾತಿನಲ್ಲೇ ಒಂದು ತೊಡಕಿದೆ, ಅದನ್ನು ಮೊದಲೇ ಬಿಡಿಸಿಕೊಳ್ಳಬೇಕು. ಕೈಮೇಲೆ ಉಬ್ಬಿದ ನೀಲಿ ರಕ್ತನಾಳವನ್ನೂ ಜನ ನರ ಎನ್ನುತ್ತಾರೆ, ಹಿಮ್ಮಡಿಯ ಮೇಲಿನ ಗಟ್ಟಿ ಹಗ್ಗದಂಥದ್ದನ್ನೂ ನರ ಎನ್ನುತ್ತಾರೆ. ಬೇರ್ಪಡಿಸುವುದು ಸುಲಭ. ಕೈಯನ್ನು ತಲೆಗಿಂತ ಮೇಲೆತ್ತಿದಾಗ ಇಳಿದುಹೋಗುವುದು ರಕ್ತನಾಳ. ಕೀಲು ಆಡಿಸಿದಾಗ ಬಿಗಿದು ಸಡಿಲವಾಗುವುದು ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಭಾಗ. ಬೆರಳಡಿ ಹುರಿಯಂತೆ ಜಾರಿ, ಮುಟ್ಟಿದ ಕಡೆಯಲ್ಲದೆ ದೂರದಲ್ಲೆಲ್ಲೋ ಜುಮ್ಮೆನಿಸುವುದು ನಿಜವಾದ ನರ.

ನಾನು ಯಾವಾಗಲೂ ಮೊಣಕೈಯಿಂದ ಶುರು ಮಾಡುತ್ತೇನೆ. ಅಲ್ಲಿ ಎಲ್ಲವೂ ಚರ್ಮದ ಕೆಳಗೇ ಸಿಗುತ್ತದೆ. ಒಳಬದಿಯ ಉಬ್ಬು, ಹೊರಬದಿಯ ಉಬ್ಬು, ಹಿಂದಿನ ಚೂಪು: ಮೂರಕ್ಕೂ ಚುಕ್ಕೆ ಇಡಿ. ಮೊದಲೆರಡು ತೋಳಿನ ಮೂಳೆ ಹ್ಯೂಮರಸ್‌ನವು, ಮೂರನೆಯದು ಮುಂಗೈಯ ಅಲ್ನಾ ಮೂಳೆಯದು. ಕೈ ನೇರವಾಗಿದ್ದಾಗ ಮೂರು ಚುಕ್ಕೆಗಳೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತವೆ. 90 ಡಿಗ್ರಿ ಮಡಿಸಿದರೆ ತ್ರಿಕೋನವಾಗುತ್ತವೆ. ಮೊಣಕೈ ಕೀಲು ತಪ್ಪಿದಾಗ ಈ ತ್ರಿಕೋನ ಕೆಡುತ್ತದೆ. ಹ್ಯೂಮರಸ್ ಮೂಳೆ ಆ ಉಬ್ಬುಗಳಿಗಿಂತ ಮೇಲೆ ಮುರಿದಿದ್ದರೆ ಕೆಡುವುದಿಲ್ಲ, ಏಕೆಂದರೆ ಮೂರೂ ಬಿಂದುಗಳು ಮುರಿತದ ಕೆಳಗೆ ಒಟ್ಟಿಗೇ ಉಳಿದಿರುತ್ತವೆ.

ಈಗ ಹೊರ ಉಬ್ಬಿನ ಸ್ವಲ್ಪ ಕೆಳಗೆ ಬೆರಳಿಟ್ಟು ಅಂಗೈಯನ್ನು ಮೇಲೆ, ಕೆಳಗೆ ತಿರುಗಿಸಿ. ಬೆರಳಡಿ ಗುಂಡನೆಯದೊಂದು ತಿರುಗುತ್ತದೆ. ಅದೇ ರೇಡಿಯಸ್ ಮೂಳೆಯ ತಲೆ. ಅಂಗೈ ಮಗುಚುವಾಗ ರೇಡಿಯಸ್, ಅಲ್ನಾದ ಮೇಲೆ ಅಡ್ಡ ಹಾಯುತ್ತದೆ. ಚಿತ್ರದಲ್ಲಿ ಎಷ್ಟು ಸಲ ನೋಡಿದರೂ ತಲೆಗೆ ಹೋಗದ ಈ ಸಂಗತಿ, ಹೀಗೆ ಮುಟ್ಟಿ ನೋಡಿದರೆ ಅರೆ ನಿಮಿಷದಲ್ಲಿ ಮನದಟ್ಟಾಗುತ್ತದೆ.

ಸ್ನಾಯುವಿಗೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲ. ಹಾಗಾಗಿ ಮಡಿಸಲು ಒಂದು, ಬಿಚ್ಚಲು ಇನ್ನೊಂದು ಬೇಕು. ಮೊಣಕೈ ಮಡಿಸುವುದು ಬೈಸೆಪ್ಸ್ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮಡಿಸುವ ಮುಖ್ಯ ಕೆಲಸ ಅದರ ಅಡಿಯಲ್ಲಿರುವ ಬ್ರೇಕಿಯಾಲಿಸ್‌ನದು. ಮೊಣಕೈ 90 ಡಿಗ್ರಿ ಮಡಿಸಿ, ಬೈಸೆಪ್ಸ್ ಮೇಲೆ ಇನ್ನೊಂದು ಕೈ ಇಟ್ಟು, ಜೊತೆಗಾರರು ತಡೆಹಿಡಿದಿರುವಾಗ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸಲು ಯತ್ನಿಸಿ. ಬೈಸೆಪ್ಸ್ ಕಲ್ಲಿನಂತಾಗುತ್ತದೆ. ಕೆಳಮುಖವಾಗಿ ತಿರುಗಿಸಲು ಯತ್ನಿಸಿದರೆ ಮೆತ್ತಗಾಗುತ್ತದೆ. ಅದರ ರಜ್ಜು ರೇಡಿಯಸ್‌ಗೆ ಅಂಟಿರುವುದೇ ಕಾರಣ: ಬಲಗೈಯಲ್ಲಿ ಸ್ಕ್ರೂ ಬಿಗಿಸುವ ಶಕ್ತಿ ಬಹುಪಾಲು ಅದರದೇ.

ನರಕ್ಕೆ ಬನ್ನಿ. ಒಳ ಉಬ್ಬಿಗೂ ಹಿಂದಿನ ಚೂಪಿಗೂ ನಡುವಿನ ತೋಡಿನಲ್ಲಿ ಹುರಿಯಂತೆ ಜಾರುವುದು ಅಲ್ನಾರ್ ನರ. ಮೊಣಕೈ ತಗುಲಿದಾಗ ಕರೆಂಟು ಹೊಡೆದಂತಾಗುವುದು ಮೂಳೆಯಿಂದಲ್ಲ, ಇದರಿಂದ. ಒಂದೆರಡು ಸಲ ಮೆಲ್ಲಗೆ ಮುಟ್ಟಿದರೆ ಸಾಕು, ಮತ್ತೆ ಮತ್ತೆ ಕುಟ್ಟಬೇಡಿ. ಜುಮ್ಮೆನ್ನುವುದು ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಮಾತ್ರ. ಆ ಅರ್ಧವನ್ನು ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿ. ಉಂಗುರ ಬೆರಳಿನ ಉಳಿದರ್ಧ, ನಡುಬೆರಳು, ತೋರುಬೆರಳು, ಹೆಬ್ಬೆರಳುಗಳ ಅಂಗೈ ಬದಿ ಮೀಡಿಯನ್ ನರದ ಪಾಲು.

ಬೆರಳುಗಳನ್ನು ಮಡಿಸುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಬೆರಳಿಗೆ ತಲುಪುವುದು ರಜ್ಜು ಮಾತ್ರ. ಮುಂಗೈಯನ್ನು ಹಿಡಿದು ಬೆರಳಾಡಿಸಿದರೆ ಗೊತ್ತಾಗುತ್ತದೆ. ಹೀಗೆ ಬರುವ 9 ರಜ್ಜುಗಳು, ಜೊತೆಗೆ ಮೀಡಿಯನ್ ನರ, ಮಣಿಕಟ್ಟಿನ ಇಕ್ಕಟ್ಟಾದ ಕಾರ್ಪಲ್ ಸುರಂಗದೊಳಗೆ ಹಾಯುತ್ತವೆ. ಅಲ್ಲಿ ಒತ್ತಡ ಹೆಚ್ಚಾದರೆ ಮೊದಲು ನರಳುವುದು ನರ. ಕಿರುಬೆರಳಿಗೆ ಏನೂ ಆಗುವುದಿಲ್ಲ, ಏಕೆಂದರೆ ಅಲ್ನಾರ್ ನರ ಆ ಸುರಂಗದ ಹೊರಗೆ ಸಾಗುತ್ತದೆ. ಹೆಬ್ಬೆರಳು, ಕಿರುಬೆರಳು ಕೂಡಿಸಿ ಮಣಿಕಟ್ಟನ್ನು ತುಸು ಮಡಿಸಿದಾಗ ನಡುವೆ ಎದ್ದು ಕಾಣುವ ರಜ್ಜು ಪಾಲ್ಮಾರಿಸ್ ಲಾಂಗಸ್ ಸ್ನಾಯುವಿನದು. ಇದು ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಕೆಲವರಿಗೆ ಒಂದೇ ಕೈಯಲ್ಲಿರುತ್ತದೆ. ಹಿಡಿತಕ್ಕೆ ಅದರಿಂದ ಹೇಳಿಕೊಳ್ಳುವಂಥ ಕೊರತೆಯಿಲ್ಲ, ಸಿಗಲಿಲ್ಲವೆಂದು ಗಾಬರಿಯಾಗಬೇಡಿ.

ಬೆನ್ನಿನಲ್ಲಿ ಹೊಸಬರು ಎಡವುವುದು ಎಣಿಕೆಯಲ್ಲಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವುದು ಕತ್ತಿನ 7ನೇ ಕಶೇರು, ಅಂದರೆ ಬೆನ್ನೆಲುಬಿನ ಮಣಿ, ಎಂದು ಬರೆದಿರುತ್ತಾರೆ, ಆದರೆ ಕೆಲವರಲ್ಲಿ ಅದರ ಕೆಳಗಿನದೇ ಹೆಚ್ಚು ಉಬ್ಬಿರುತ್ತದೆ. ಸಂಶಯವಿದ್ದರೆ ಎರಡು ಉಬ್ಬುಗಳ ಮೇಲೆ ಬೆರಳಿಟ್ಟು ತಲೆಯನ್ನು ನಿಧಾನವಾಗಿ ಹಿಂದಕ್ಕೆ ಬಾಗಿಸಲು ಹೇಳಿ. 6ನೆಯದು ಬೆರಳಡಿಯಿಂದ ಮುಂದಕ್ಕೆ ಜಾರಿ ಮರೆಯಾಗುತ್ತದೆ, 7ನೆಯದು ಉಳಿಯುತ್ತದೆ. ಕೆಳಗೆ, ಸೊಂಟದ ಮೂಳೆಯ ಎರಡು ಅಂಚುಗಳನ್ನು ಕೂಡಿಸುವ ಗೆರೆ 4ನೇ ಸೊಂಟದ ಕಶೇರುವಿನ ಹತ್ತಿರ ಹಾಯುತ್ತದೆ. ವಯಸ್ಕರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ 1 ಮತ್ತು 2ನೇ ಸೊಂಟದ ಕಶೇರುಗಳ ನಡುವೆಯೇ ಮುಗಿಯುತ್ತದೆ. ಬೆನ್ನಿನಿಂದ ದ್ರವ ತೆಗೆಯುವ ಸೂಜಿಯನ್ನು ಈ ಗೆರೆಯ ಆಸುಪಾಸಿನಲ್ಲೇ ಹಾಕುವುದು ಅದಕ್ಕೇ. ಇನ್ನೊಂದು ಗೊಂದಲ: ಕತ್ತಿನಲ್ಲಿ ಕಶೇರುಗಳು 7, ನರಗಳು 8 ಜೊತೆ. ಮೊದಲ ಏಳು ಜೊತೆ ತಮ್ಮ ಕಶೇರುವಿನ ಮೇಲಿನಿಂದ ಹೊರಡುತ್ತವೆ, ಎಂಟನೆಯದು 7ನೇ ಕಶೇರುವಿನ ಕೆಳಗಿನಿಂದ. ಅಲ್ಲಿಂದ ಮುಂದೆ ಎಲ್ಲ ನರಗಳೂ ತಮ್ಮ ಸಂಖ್ಯೆಯ ಕಶೇರುವಿನ ಕೆಳಗೇ. ಒಟ್ಟು 31 ಜೊತೆ.

ಮೂರೂ ವ್ಯವಸ್ಥೆಗಳು ಒಂದೇ ಏಟಿನಲ್ಲಿ ಕಾಣುವುದು ಮಂಡಿಯಲ್ಲಿ. ಪಾದ ನೆಲಕ್ಕೆ ತಾಗದಂತೆ ಮೇಜಿನ ಅಂಚಿನಲ್ಲಿ ಕೂರಿಸಿ. ಮಂಡಿಚಿಪ್ಪಿನ ಕೆಳ ಅಂಚನ್ನೂ, ಅದರ ಕೆಳಗೆ ಮುಂಗಾಲಿನ ದಪ್ಪ ಮೂಳೆ ಟಿಬಿಯಾದ ಉಬ್ಬನ್ನೂ ಗುರುತಿಸಿ, ನಡುವಿನ ರಜ್ಜಿಗೆ ರಿಫ್ಲೆಕ್ಸ್ ಸುತ್ತಿಗೆಯಿಂದ, ಇಲ್ಲವೇ ಅಂಗೈಯ ಅಂಚಿನಿಂದ, ಚುರುಕಾಗಿ ತಟ್ಟಿ. ರಜ್ಜು ಎಳೆದಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತದೆ, ಆ ಸುದ್ದಿ ಬೆನ್ನುಹುರಿಗೆ ಹೋಗಿ ಅಲ್ಲಿಂದಲೇ ಅಪ್ಪಣೆ ಮರಳುತ್ತದೆ, ಕಾಲು ಮುಂದಕ್ಕೆ ಚಿಮ್ಮುತ್ತದೆ. ಮಿದುಳಿನ ಒಪ್ಪಿಗೆಗೆ ಇಲ್ಲಿ ಕಾಯುವುದಿಲ್ಲ. ಕಾಲು ಚಿಮ್ಮದಿದ್ದರೆ ಮೊದಲು ನಿಮ್ಮ ಏಟನ್ನೇ ಅನುಮಾನಿಸಿ: ಬಹಳ ಸಲ ಅದು ಚಿಪ್ಪಿಗೇ ಬಿದ್ದಿರುತ್ತದೆ. ಇಲ್ಲವಾದರೆ ಎದುರಿನವರು ತೊಡೆ ಬಿಗಿಹಿಡಿದಿರುತ್ತಾರೆ. ಅವರ ಎರಡೂ ಕೈಬೆರಳುಗಳನ್ನು ಕೊಂಡಿ ಹಾಕಿಸಿ, ಜೋರಾಗಿ ಎಳೆಯಲು ಹೇಳಿ, ಎಳೆಯುತ್ತಿರುವಾಗಲೇ ತಟ್ಟಿ. ಯೆಂಡ್ರಾಸಿಕ್ ಹೆಸರಿನ ಈ ಉಪಾಯ ಅಡಗಿದ ಪ್ರತಿಕ್ರಿಯೆಯನ್ನು ಹೊರತರುತ್ತದೆ. ಎರಡೂ ಕಾಲುಗಳನ್ನು ಹೋಲಿಸದೆ ಏನನ್ನೂ ತೀರ್ಮಾನಿಸಬೇಡಿ; ಎರಡರಲ್ಲೂ ಸಮನಾಗಿ ಕಡಿಮೆಯಿರುವುದು ಆರೋಗ್ಯವಂತರಲ್ಲೂ ಉಂಟು.

ಮಂಡಿಯ ಹೊರಬದಿಯಲ್ಲಿ, ತುಸು ಕೆಳಗೆ, ಫಿಬ್ಯುಲಾ ಮೂಳೆಯ ಗುಂಡು ತಲೆ ಸಿಗುತ್ತದೆ. ಅದರ ಕುತ್ತಿಗೆಯನ್ನು ಸುತ್ತಿ ಬರುವ ನರ ಚರ್ಮಕ್ಕೂ ಮೂಳೆಗೂ ನಡುವೆ ಸಿಕ್ಕಿಕೊಂಡಂತಿದೆ. ಕಾಲಮೇಲೆ ಕಾಲು ಹಾಕಿ ಬಹಳ ಹೊತ್ತು ಕೂತರೆ, ಬಿಗಿಯಾದ ಪ್ಲಾಸ್ಟರ್ ಒತ್ತಿದರೆ ಅದು ಸೋಲುತ್ತದೆ: ಪಾದ ಮೇಲೆತ್ತಲಾಗದೆ ಜೋಲುಬೀಳುತ್ತದೆ. ಸೊಂಟದಲ್ಲಿ 5ನೇ ನರದ ಬುಡ ಒತ್ತಿದಾಗಲೂ ಪಾದ ಹೀಗೇ ಜೋಲುತ್ತದೆ. ಇವೆರಡನ್ನು ಬೇರ್ಪಡಿಸಲು ಪಾದವನ್ನು ಒಳಮುಖವಾಗಿ ತಿರುಗಿಸಲು ಹೇಳುತ್ತೇನೆ. ಆ ಕೆಲಸದ ಮುಖ್ಯ ಸ್ನಾಯುವಿಗೆ ಅಪ್ಪಣೆ ಬರುವುದು ಫಿಬ್ಯುಲಾವನ್ನು ಸುತ್ತದ ಬೇರೊಂದು ನರ, ಟಿಬಿಯಲ್ ನರದಿಂದ, ಆದರೆ ಅದರ ಬುಡ ಸೊಂಟದ ಅದೇ 5ನೆಯದು. ಫಿಬ್ಯುಲಾ ಬಳಿ ಪೆಟ್ಟಾಗಿದ್ದರೆ ಒಳತಿರುವಿನ ಬಲ ಉಳಿದಿರುತ್ತದೆ. ಸೊಂಟದಲ್ಲಾಗಿದ್ದರೆ ಅದೂ ಕುಗ್ಗಿರುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಜೋಲುವ ಪಾದವನ್ನು ಮನೆಯಲ್ಲಿ ಉಜ್ಜುತ್ತ ಕೂರದೆ ಅಂದೇ ವೈದ್ಯರಿಗೆ ತೋರಿಸಬೇಕು.