ಬ್ಲಾಟಲ್ಲಿ ಸ್ಮಿಯರ್ ಬಂತಾ? ಯುಬಿಕ್ವಿಟಿನ್ ಅಂತ ಹೇಳುವ ಮೊದ್ಲು ಇಷ್ಟು ಮಾಡಿ

ದೇರಳಕಟ್ಟೆ, ಕೊಣಾಜೆ, ಮಣಿಪಾಲ ಕಡೆ ಕ್ಯಾನ್ಸರ್ ಲ್ಯಾಬಿಗೆ ಹೊಸದಾಗಿ ಸೇರಿದವ್ರಿಗೆ ಇದು. ವೆಸ್ಟರ್ನ್ ಬ್ಲಾಟಲ್ಲಿ, ಅಂದ್ರೆ ಆಂಟಿಬಾಡಿ ಹಾಕಿ ಪ್ರೊಟೀನ್ ಗುರ್ತಿಸುವ ಟೆಸ್ಟಲ್ಲಿ, ಒಂದೇ ಗೆರೆಯ ಬದ್ಲು ಉದ್ದಕ್ಕೆ ಹರಡಿದ ಕಲೆ ಬಂದ್ರೆ ಅದೇ ಸ್ಮಿಯರ್. ಯುಬಿಕ್ವಿಟಿನ್ ಅಂದ್ರೆ 76 ಅಮೈನೋ ಆಸಿಡಿನ ಸಣ್ಣ ಪ್ರೊಟೀನು, ಇ1, ಇ2, ಇ3 ಎಂಜೈಮುಗಳು ಸೇರಿ ಅದನ್ನು ಬೇರೆ ಪ್ರೊಟೀನಿಗೆ ಅಂಟಿಸ್ತವೆ, ಯುಬಿಕ್ವಿಟಿನುಗಳು ಒಂದಕ್ಕೊಂದು ಕೆ48 (48ನೇ ಜಾಗದ ಲೈಸಿನ್) ಮೂಲಕ ಸೇರಿದ ಸರಪಳಿ ಆದ್ರೆ ಸಾಮಾನ್ಯವಾಗಿ ಪ್ರೋಟಿಯಾಸೋಮಿಗೆ (ಸೆಲ್ಲಲ್ಲಿ ಪ್ರೊಟೀನ್ ಅರೆಯುವ ಮೆಷಿನಿಗೆ) ಹೋಗಿ ಪುಡಿಪುಡಿ, ಕೆ63 ಆದ್ರೆ ಹೆಚ್ಚಾಗಿ ಸಿಗ್ನಲಿಂಗ್. ಥಿಯರಿ ಇಷ್ಟು ಸಾಕು.

ಸುರು ಮಾಡ್ಲಿಕ್ಕೆ ಕ್ಯಾನ್ಸರ್ ತಡೆಯುವ ಪಿ53 ಪ್ರೊಟೀನು ಒಳ್ಳೆದು, ಅದಕ್ಕೆ ಎಂಡಿಎಂ2 ಅನ್ನುವ ಇ3 ಉಂಟು, ಆ ಎಂಡಿಎಂ2ವನ್ನು ತಡಿಲಿಕ್ಕೆ ನಟ್ಲಿನ್ ಅನ್ನುವ ಡ್ರಗ್ ಉಂಟು. ಆದ್ರೆ ಲ್ಯಾಬಲ್ಲಿ ಹೇಗೂ ಉಂಟಲ್ಲ ಅಂತ ಹೀಲಾ ಸೆಲ್ ತಕ್ಕೊಳ್ಬೇಡಿ ಮಾರಾಯ್ರೆ, ಅದ್ರಲ್ಲಿ ಎಚ್‌ಪಿವಿ 18 ವೈರಸಿನ ಇ6 ಪ್ರೊಟೀನು ಇ6ಎಪಿ ಅನ್ನುವ ಬೇರೆ ಇ3ಯನ್ನು ಹಿಡ್ಕೊಂಡು ಪಿ53ಯನ್ನು ಮುಗಿಸ್ತದೆ, ಎಂಡಿಎಂ2 ತಡೆದು ಎಂತ ಪ್ರಯೋಜನ? ಎಚ್‌ಸಿಟಿ116 ಅಥವಾ ಎಂಸಿಎಫ್7 ಸೆಲ್ ಹಾಕಿ. ಒಂದು ಪ್ಲೇಟಿಗೆ ಪ್ರೋಟಿಯಾಸೋಮ್ ತಡೆಯುವ ಎಂಜಿ132 ಮಾತ್ರ, 10 ಮೈಕ್ರೋಮೋಲಾರ್, 4 ಗಂಟೆ, ಇನ್ನೊಂದಕ್ಕೆ ಅದರ ಜೊತೆ ನಟ್ಲಿನ್. ರಾತ್ರಿಯಿಡೀ ಬಿಟ್ರೆ ಸೆಲ್ ಸಾಯ್ಲಿಕ್ಕೆ ಸುರು ಆಗ್ತದೆ, ಮತ್ತೆ ಯಾವ ಎಫೆಕ್ಟ್ ಯಾವುದ್ರದ್ದು ಅಂತ ಗೊತ್ತಾಗುದಿಲ್ಲ.

ಎಲ್ಲ ಹಾಳಾಗುದು ಲೈಸಿಸಲ್ಲಿ. ಸೆಲ್ ಒಡೆದ ಕೂಡ್ಲೆ ಡಿಯುಬಿ ಎಂಜೈಮುಗಳು ಯುಬಿಕ್ವಿಟಿನನ್ನು ಕಿತ್ತು ಹಾಕ್ತವೆ, ಅದಕ್ಕೆ ಬಫರಿಗೆ ಡಿಯುಬಿ ತಡೆಯುವ ಎನ್‌ಇಎಂ ಅನ್ನುವ ಕೆಮಿಕಲ್ ಹಾಕ್ಬೇಕು. ಅದು ನೀರಲ್ಲಿ ಕೆಡ್ತದೆ, ಆಗ್ಲೇ ಇಥನಾಲಲ್ಲಿ ಕರಗಿಸಿ, ಮಳೆಗಾಲದಲ್ಲಂತೂ ಫ್ರಿಜ್ಜಿಂದ ತೆಗೆದ ಬಾಟಲಿ ತಣ್ಣಗಿರುವಾಗ ಮುಚ್ಚಳ ತೆಗಿಬೇಡಿ, ನಮ್ಮೂರಿನ ತೇವ ಸೀದಾ ಒಳಗೆ. ಅದೇ ಬಫರಿಗೆ ಡಿಟಿಟಿ ಅನ್ನುವ ರೆಡ್ಯೂಸಿಂಗ್ ಕೆಮಿಕಲ್ ಹಾಕಿದ್ರೆ ಎನ್‌ಇಎಂ ಅದ್ರ ಜೊತೆಯೇ ರಿಯಾಕ್ಟ್ ಆಗಿ ಮುಗಿತದೆ.

1% ಎಸ್‌ಡಿಎಸ್ ಡಿಟರ್ಜೆಂಟಲ್ಲಿ ಲೈಸ್ ಮಾಡಿ 95 ಡಿಗ್ರಿಯಲ್ಲಿ 5 ನಿಮಿಷ ಕುದಿಸಿ, ಲೋಳೆ ಹಾಗೆ ಎಳಿತದೆ, ಅದು ಡಿಎನ್‌ಎ, ಸೋನಿಕೇಟ್ ಮಾಡಿ ಅಥವಾ ಸಣ್ಣ ಸೂಜಿಯಲ್ಲಿ ಎಳೆದು ಬಿಡಿ. ಮತ್ತೆ ಟ್ರೈಟಾನ್ ಅನ್ನುವ ಮೆದು ಡಿಟರ್ಜೆಂಟಿನ ಬಫರಲ್ಲಿ ಹತ್ತು ಪಟ್ಟು ತೆಳು ಮಾಡಿ ಪಿ53 ಐಪಿ (ಆಂಟಿಬಾಡಿಯಿಂದ ಪಿ53 ಎಳೆದು ತೆಗೆಯುದು), ಯುಬಿಕ್ವಿಟಿನ್ ಬ್ಲಾಟ್. ಕುದಿಸದಿದ್ರೆ ಪಿ53ಗೆ ಅಂಟಿಕೊಂಡು ಬಂದ ಬೇರೆ ಪ್ರೊಟೀನಿನ ಯುಬಿಕ್ವಿಟಿನೂ ಅದೇ ಸ್ಮಿಯರಲ್ಲಿ ಕಾಣ್ತದೆ, ರಿವ್ಯೂವರ್ ಫಸ್ಟ್ ಕೇಳುದೇ ಅದನ್ನು. ನಟ್ಲಿನ್ ಲೇನಲ್ಲಿ ಸ್ಮಿಯರ್ ಕಮ್ಮಿ ಆದ್ರೆ ಸರಿ ದಾರಿಯಲ್ಲಿದ್ದೀರಿ.

ಆಂಟಿಬಾಡಿ ಜೂನಿಗೆ ಮೊದ್ಲೇ ತರಿಸಿ, ಶಿರಾಡಿಯಲ್ಲಿ ಗುಡ್ಡ ಜರಿದ್ರೆ ಡ್ರೈ ಐಸ್ ಕಾಯುದಿಲ್ಲ.

ಪ್ರೋಟ್ಯಾಕ್ ತರದ, ಅಂದ್ರೆ ಟಾರ್ಗೆಟ್ ಪ್ರೊಟೀನನ್ನು ಇ3 ಹತ್ರ ತಂದು ಪುಡಿ ಮಾಡಿಸುವ ಡ್ರಗ್ ನೋಡುವವ್ರು ಪ್ರೊಟೀನ್ ಕಮ್ಮಿ ಆಯ್ತು ಅಂತ ಖುಷಿ ಪಡ್ಬೇಡಿ, ಎಂಜಿ132 ಹಾಕಿದ್ರೆ ಅದು ವಾಪಸ್ ಬರ್ಬೇಕು, ಸೆರೆಬ್ಲಾನ್ ಇರುವ ಇ3 ಉಪಯೋಗಿಸುವ ಡ್ರಗ್ ಆದ್ರೆ ಆ ಇ3ಯ ಕೆಲಸ ನಿಲ್ಲಿಸುವ ಎಂಎಲ್‌ಎನ್4924 ಹಾಕಿದ್ರೂ ಬರ್ಬೇಕು. ಡೋಸ್ ನ್ಯಾನೋಮೋಲಾರಿಂದ ಹಿಡಿದು ಮೇಲೆ ಹೋಗಿ, ಜಾಸ್ತಿ ಹಾಕಿದ್ರೆ ಟಾರ್ಗೆಟಿಗೊಂದು, ಇ3ಗೊಂದು ಅಂತ ಬೇರೆ ಬೇರೆ ಮಾಲಿಕ್ಯೂಲ್ ಕೂತು ಎರಡೂ ಒಟ್ಟಿಗೆ ಸೇರುದೇ ಇಲ್ಲ, ಒಂದೇ ದೊಡ್ಡ ಡೋಸ್ ನೋಡಿ ಡ್ರಗ್ ವೇಸ್ಟ್ ಅಂತ ಬರಿಬೇಡಿ.