ಬೀಗದ ಕೈ ಇಡುವಾಗ ಒಂದು ಉಸಿರು

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ಬೀಗದ ಕೈ ಹುಡುಕುವುದೇ ದಿನದ ಮೊದಲ ಕೆಲಸವಾಗಿಬಿಟ್ಟಿತ್ತು. ಒಮ್ಮೆ ಅಕ್ಕಿ ಡಬ್ಬದಲ್ಲಿ, ಒಮ್ಮೆ ದೇವರ ಮನೆಯಲ್ಲಿ, ಹೇಗೋ ಸಿಗುತ್ತಿತ್ತು. ಆದರೆ ಅದು ಸಿಗುವವರೆಗೆ ಅಮ್ಮ ಪಡುತ್ತಿದ್ದ ಗಾಬರಿಯನ್ನು ನೋಡಲಾಗುತ್ತಿರಲಿಲ್ಲ. "ನನ್ನ ತಲೆ ಹೋಯ್ತು ಕಣೇ" ಎಂದು ನೆಲದ ಮೇಲೆ ಕೂತುಬಿಡುತ್ತಿದ್ದಳು. ಆಗ ಅವಳಿಗೆ 74 ವರ್ಷ.

ನನ್ನ ಬೆನ್ನುನೋವಿಗೆಂದು ನಾನು ಹಿಂದೆ ಬೆಂಗಳೂರಿನಲ್ಲಿ ಎಂಟು ವಾರದ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ನಡೆಯುತ್ತಿರುವುದನ್ನೇ ಗಮನವಿಟ್ಟು ನೋಡುವ ತರಬೇತಿ ಮಾಡಿದ್ದೆ. 1979ರಲ್ಲಿ ಜಾನ್ ಕಬಾಟ್-ಝಿನ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ ಪದ್ಧತಿ ಅದು. ಅಮ್ಮನಿಗೂ ಅದನ್ನೇ ಕಲಿಸೋಣ ಅನ್ನಿಸಿತು. ಆದರೆ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನೀವೂ ದಯವಿಟ್ಟು ಹಾಗೇ ಮಾಡಿ. ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಮನಸ್ಸು ಕುಗ್ಗಿದರೂ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಉಸಿರು ನೋಡುತ್ತಾ ಕೂತರೆ ಬಿ12 ಏರುವುದಿಲ್ಲ ಅಲ್ವಾ? ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಯೋಜನೆಗೆ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು 45 ದಾಟಿದವರ ಮೆದುಳಿನ ಆರೋಗ್ಯವನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ದೊಡ್ಡಮ್ಮನ ಊರಿನವರು ಅದಕ್ಕೆ ಹೋಗಿಬಂದಿದ್ದರಿಂದ ಅಮ್ಮನೂ ಪರೀಕ್ಷೆಗೆ ಹೆದರಲಿಲ್ಲ.

ಅಮ್ಮನಿಗೆ ಬಿ12 ಕಡಿಮೆ ಇತ್ತು. ಕಿವಿಯೂ ಮಂದವಾಗಿತ್ತು. "ಎಷ್ಟು ಸಲ ಹೇಳ್ಬೇಕಮ್ಮ" ಎಂದು ನಾನು ರೇಗಿದ ಎಷ್ಟೋ ಮಾತು ಅವಳಿಗೆ ಕೇಳಿಸಿಯೇ ಇರಲಿಲ್ಲ. ಇದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ಇಂಜೆಕ್ಷನ್ ಆಯಿತು, ಕಿವಿಗೆ ಮೆಷಿನ್ ಬಂತು. ಆಮೇಲೂ ಉಳಿದ ಮರೆವಿಗೆ ಡಾಕ್ಟರು 'ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್' ಎಂದರು. ಅಡುಗೆ, ದುಡ್ಡಿನ ಲೆಕ್ಕ, ಅಂಗಡಿಗೆ ಹೋಗಿಬರುವುದು ಎಲ್ಲ ತಾನೇ ಮಾಡುತ್ತಾಳೆ, ಆದರೆ ನೆನಪು ವಯಸ್ಸಿಗಿಂತ ಕಡಿಮೆ ಇದೆ. ಹೀಗಿರುವ ಎಲ್ಲರೂ ಡಿಮೆನ್ಷಿಯಾಗೆ, ಅಂದರೆ ದಿನದ ಕೆಲಸವನ್ನೂ ತಾವೇ ಮಾಡಿಕೊಳ್ಳಲಾಗದಷ್ಟು ಮರೆವಿಗೆ, ಹೋಗಲೇಬೇಕೆಂದಿಲ್ಲ, ಕೆಲವರು ವರ್ಷಗಟ್ಟಲೆ ಹಾಗೇ ಇರುತ್ತಾರೆ, ಕೆಲವರು ಸುಧಾರಿಸುವುದೂ ಉಂಟು ಎಂದರು.

ಇನ್ನು ಅಭ್ಯಾಸ. ಶುರುವಿನಲ್ಲಿ ನಾನು ಮಾಡಿದ್ದೆಲ್ಲ ತಪ್ಪು. ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಇಪ್ಪತ್ತು ನಿಮಿಷ ಉಸಿರು ನೋಡು ಎಂದೆ. ಒಂದು ದಿನ ನಿದ್ದೆ ಮಾಡಿದಳು. ಮರುದಿನ ಎರಡೇ ನಿಮಿಷಕ್ಕೆ ಕಣ್ಣು ಬಿಟ್ಟು "ಒಲೆ ಆರಿಸಿದ್ನಾ?" ಎಂದು ಎದ್ದಳು. ಕತ್ತಲೆಯಲ್ಲಿ ಕೂರಿಸಿದ ಹಾಗಾಗಿ ಚಿಂತೆಯೇ ಜಾಸ್ತಿಯಾಯಿತು. ಆಮೇಲೆ ಕಣ್ಣು ತೆರೆದೇ ಐದು ನಿಮಿಷ ಮಾಡಿದೆವು. ಉಸಿರನ್ನು ಐದರವರೆಗೆ ಎಣಿಸು ಎಂದರೆ ಮೂರಕ್ಕೇ ತಪ್ಪುತ್ತಿತ್ತು. ಒಂದು ಸಂಜೆ ಅವಳು ಮೆಲ್ಲಗೆ "ಒಕಟಿ, ರೆಂಡು, ಮೂಡು" ಎನ್ನುವುದು ಕೇಳಿಸಿತು. ಅವಳ ತವರು ಆಂಧ್ರದ ಗಡಿ ಹತ್ತಿರ, ರಾಯಲ್ಪಾಡಿನ ಆಚೆ. ಎಳೆತನದ ಎಣಿಕೆ ತೆಲುಗಿನದು. ಅದರಲ್ಲಿ ಒಂದೂ ತಪ್ಪಲಿಲ್ಲ.

ನಿಜವಾಗಿ ದಾರಿ ಸಿಕ್ಕಿದ್ದು ಅವರೆಕಾಯಿ ಕಾಲದಲ್ಲಿ. ನೆನೆಸಿದ ಕಾಳು ಹಿದುಕಲು ಇಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಮಾತಾಡದೆ ಬರೀ ಕಾಳನ್ನು ಗಮನಿಸೋಣ ಎಂದೆ. ಹೆಬ್ಬೆರಳಿಗೆ ತಾಗುವ ತಣ್ಣನೆ ಸಿಪ್ಪೆ, ಒತ್ತಿದಾಗ ಬೇಳೆ ಜಾರುವ ಕ್ಷಣ, ಬಟ್ಟಲಿಗೆ ಬೀಳುವ ಸದ್ದು, ಮೂಗಿಗೆ ಬಡಿಯುವ ಸೊಗಡು. ಮನಸ್ಸು ಎಲ್ಲೋ ಹೋದರೆ ಬೈದುಕೊಳ್ಳುವುದು ಬೇಡ, ಮುಂದಿನ ಕಾಳಿಗೆ ಬಂದರೆ ಸಾಕು. ಅಮ್ಮ ಅರ್ಧ ಗಂಟೆ ಅಲುಗಾಡದೆ ಕೂತಳು. ಅವತ್ತಿನಿಂದ "ಕಾಳಿಗೆ ಬಾ" ಎನ್ನುವುದೇ ನಮ್ಮಿಬ್ಬರ ಗುರುತಿನ ಮಾತಾಯಿತು. ಅವರೆ ಮುಗಿದ ಮೇಲೆ ಹುಣಸೆಹಣ್ಣಿನ ಬೀಜ ತೆಗೆದೆವು. ಅದೂ ಮುಗಿದ ಮೇಲೆ ಹೂ ಕಟ್ಟಿದೆವು. ವಯಸ್ಸಾದವರಿಗೆ ಉಸಿರಿಗಿಂತ ಕೈಕೆಲಸ ಸುಲಭ ಎಂದು ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತದೆ. ಕೈಗೆ ಅದು ಮೊದಲೇ ಗೊತ್ತಿರುತ್ತದೆ.

ಇಷ್ಟಾದ ಮೇಲೆ ಬೀಗದ ಕೈಗೆ ಬಂದೆವು. ಇಡುವಾಗ ಗಮನ ಬೇರೆಲ್ಲೋ ಇದ್ದರೆ ಆ ವಿಷಯ ಮೆದುಳಿಗೆ ಸರಿಯಾಗಿ ಸೇರುವುದೇ ಇಲ್ಲ. ಸೇರದೇ ಇದ್ದದ್ದನ್ನು ನೆನಪಿಸಿಕೊಳ್ಳುವುದು ಹೇಗೆ? ಹೊಸ ನೆನಪು ಕಟ್ಟುವ ಮೆದುಳಿನ ಭಾಗವಾದ ಹಿಪ್ಪೋಕ್ಯಾಂಪಸ್ ಸೊರಗಿದ್ದರಂತೂ ಗಮನ ಇನ್ನೂ ಹೆಚ್ಚು ಬೇಕು. ಅದಕ್ಕೇ ಬಾಗಿಲ ಪಕ್ಕ ಒಂದು ಮೊಳೆ ಹೊಡೆದೆ. ಅಮ್ಮ ಅಲ್ಲಿ ನಿಲ್ಲುತ್ತಾಳೆ. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸುತ್ತಾಳೆ. ಒಂದು ಉಸಿರು. ಆಮೇಲೆ ಕೈ ನೋಡಿಕೊಂಡು, "ಬೀಗದ ಕೈ ಮೊಳೆಗೆ ಹಾಕ್ತಿದೀನಿ" ಎಂದು ಬಾಯಿಬಿಟ್ಟು ಹೇಳುತ್ತಾಳೆ. ಇದಕ್ಕೆ ಎರಡು ತಿಂಗಳು ದಿನಾ ಜೊತೆಗೆ ನಿಂತು ಮಾಡಿಸಬೇಕಾಯಿತು. ಅರ್ಧ ಕೆಲಸ ಮೊಳೆಯದೇ ಇರಬಹುದು. ಇರಲಿ, ಎರಡೂ ಬೇಕು.

ನೆನಪು ವಾಪಸ್ ಬರುತ್ತದೆ ಎಂದು ನಾನು ಅಮ್ಮನಿಗೆ ಯಾವತ್ತೂ ಹೇಳಿಲ್ಲ. ಇಂಥದೇ ಮರೆವಿದ್ದ 14 ಜನರ ಮೇಲೆ ಬಾಸ್ಟನ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ, ಮೈಂಡ್‌ಫುಲ್‌ನೆಸ್ ಬಗೆಗಿನ ಒಂದು ಸಣ್ಣ ಅಧ್ಯಯನ ಆಸೆ ಹುಟ್ಟಿಸಿತ್ತು. ಆದರೆ ನೆನಪು ಮಂದವಾಗುತ್ತಿದೆ ಎನ್ನುತ್ತಿದ್ದ, 65ರಿಂದ 84 ವಯಸ್ಸಿನ 585 ಜನರ ಮೇಲೆ ನಡೆದ ದೊಡ್ಡ ಅಧ್ಯಯನ 2022ರಲ್ಲಿ ಬಂತು. ಅದರಲ್ಲಿ ಮೈಂಡ್‌ಫುಲ್‌ನೆಸ್ ಆಗಲಿ ವ್ಯಾಯಾಮವಾಗಲಿ ಆರು ತಿಂಗಳಲ್ಲಿ ನೆನಪಿನ ಪರೀಕ್ಷೆಯ ಅಂಕವನ್ನು ಹೆಚ್ಚಿಸಲಿಲ್ಲ. ಅಮ್ಮನ ಅಂಕವೂ ವರ್ಷದ ನಂತರ ಮೊದಲಿದ್ದಷ್ಟೇ ಇತ್ತು. ಮರೆವು ವಾಸಿ ಮಾಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಅಮ್ಮ ಈಗಲೂ ಇವತ್ತು ಯಾವ ವಾರ ಎಂದು ಮೂರು ಸಲ ಕೇಳುತ್ತಾಳೆ. ಮಾತ್ರೆಗೆ ದಿನದ ಲೆಕ್ಕದ ಡಬ್ಬಿ ಇಟ್ಟಿದ್ದೇನೆ. ಮೂರನೆಯ ಸಲ ಉತ್ತರಿಸುವ ಮುಂಚೆ ನಾನೂ ಒಂದು ಉಸಿರು ತೆಗೆದುಕೊಳ್ಳುತ್ತೇನೆ. "ಆಗಲೇ ಹೇಳಿದ್ನಲ್ಲ" ಎನ್ನುವುದನ್ನು ಬಿಟ್ಟಿದ್ದೇನೆ. "ಗುರುವಾರ ಅಮ್ಮ" ಎಂದಷ್ಟೇ ಹೇಳುತ್ತೇನೆ.

ಹೋದ ತಿಂಗಳು ಬೀಗದ ಕೈ ಮತ್ತೆ ಕಾಣೆಯಾಯಿತು. ಮೊಳೆ ಖಾಲಿ. ನಾನು ಒಳಗಿನಿಂದ ನೋಡುತ್ತಿದ್ದೆ. ಅಮ್ಮ ಜಗಲಿಯಲ್ಲಿ ಕೂತು, ತೊಡೆಯ ಮೇಲೆ ಕೈಯಿಟ್ಟು, ತುಟಿ ಅಲುಗಿಸುತ್ತಾ ಐದರವರೆಗೆ ಎಣಿಸಿದಳು. ಆಮೇಲೆ ಎದ್ದು ಬಂದು, "ಕೈ ಕಾಣ್ತಿಲ್ಲ ಕಣೇ, ಬಾ ಹುಡುಕೋಣ" ಎಂದಳು.